ಹಟ್ಟಿ ‘ಹತ್ತಿ’ಯಾಗದಿರಲಿ: ಕಂದಾಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕಂದಾಯ ಸಚಿವರಿಗೆ, ಹಾಗೂ ಭೂಮಾಪನ, ಕಂದಾಯ ವ್ಯವಸ್ಥೆ ಮತ್ತು ಭೂದಾಖಲೆಗಳ ಇಲಾಖೆಯ ಆಯುಕ್ತರಿಗೆ,

ನಮಸ್ಕಾರಗಳು.

ಮೂವತ್ತೊಂದು ವರ್ಷ ಗ್ರಾಮ ಲೆಕ್ಕಾಧಿಕಾರಿಯಾಗಿ ದುಡಿದು ನಿವೃತ್ತಳಾದವಳು ನಾನು. ಕೆಲಸಕ್ಕೆ ಸೇರಿದಾಗ ನಮ್ಮನ್ನು ಗ್ರಾಮ ಲೆಕ್ಕಿಗರು ಎನ್ನುತ್ತಿದ್ದರು. ಈಗ ಗ್ರಾಮ ಆಡಳಿತ ಅಧಿಕಾರಿ ಎಂದಾಗಿದೆ. ಹಳ್ಳಿಯವರ ಬಾಯಲ್ಲಿ ಮಾತ್ರ ನಾನು ಕೊನೆಯ ದಿನದವರೆಗೂ ‘ಶಾನುಭೋಗರಮ್ಮ’. ವಂಶಪಾರಂಪರ್ಯದ ಶಾನುಭೋಗಿಕೆ 1963ರಲ್ಲೇ ಕಾನೂನಿನ ಪ್ರಕಾರ ರದ್ದಾಯಿತು. ಆ ಹೆಸರು ಮಾತ್ರ ನಾನು ಪಹಣಿ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಹೋದ ಊರಿಗೆಲ್ಲ ನನಗಿಂತ ಮೊದಲೇ ಹೋಗಿ ಕೂತಿರುತ್ತಿತ್ತು.

ಹೆಸರಿನ ವಿಷಯವಾಗಿಯೇ ಈ ಪತ್ರ. ಊರಿನ ಹೆಸರಿನ ವಿಷಯ.

ಚಿತ್ರದುರ್ಗ ಜಿಲ್ಲೆಯ ಬಯಲುಸೀಮೆಯಲ್ಲಿ ನನ್ನ ವೃತ್ತಕ್ಕೆ ಸೇರಿದ ಒಂದು ಗೊಲ್ಲರಹಟ್ಟಿ, ಅಂದರೆ ಗೊಲ್ಲರ ಸಣ್ಣ ವಸತಿ, ಇತ್ತು. ಎಂಬತ್ತು ಮನೆ, ಒಂದು ಕೈಪಂಪು, ಬೇಲಿಯ ರೊಪ್ಪಗಳು, ಒಂದು ದೊಡ್ಡ ಬೇವಿನ ಮರ. ಅಲ್ಲಿಯ ಅಜ್ಜಿಯೊಬ್ಬರು ಸಂಧ್ಯಾ ಸುರಕ್ಷಾ ಪಿಂಚಣಿಗೆ ಅರ್ಜಿ ಹಾಕಿದ್ದರು. ಅರ್ಜಿ ಮೂರು ಸಲ ವಾಪಸು ಬಂತು. ನಾಲ್ಕನೇ ಸಲ ಅವರು ಸೆರಗಿನ ಗಂಟು ಬಿಚ್ಚಿ ತಮ್ಮ ಕಾಗದಗಳನ್ನೆಲ್ಲ ನನ್ನ ಮೇಜಿನ ಮೇಲೆ ಹರಡಿದರು. ಪಡಿತರ ಚೀಟಿಯಲ್ಲಿ ಊರಿನ ಹೆಸರು ಸರಿಯಾಗಿ ‘ಹಟ್ಟಿ’ ಎಂದೇ ಮುಗಿದಿತ್ತು. ಗುರುತಿನ ಚೀಟಿಯಲ್ಲಿ ಅದು ‘ಹತ್ತಿ’. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಇಂಗ್ಲಿಷ್ ಮಾತ್ರ, ಅದರಲ್ಲೂ ಒಂದು ಟಿ ಬಿಟ್ಟುಹೋಗಿತ್ತು. ಮತದಾರರ ಪಟ್ಟಿಯಲ್ಲಿ ಹಟ್ಟಿಯ ಹೆಸರೇ ಇಲ್ಲ, ಎರಡು ಮೈಲಿ ಆಚೆಯ ಮೂಲ ಗ್ರಾಮದ ಹೆಸರಿತ್ತು. ನಾಲ್ಕು ಕಾಗದ, ನಾಲ್ಕು ಊರು. ಅಜ್ಜಿ ಕೇಳಿದರು: ‘ಹತ್ತಿ ಹೊಲದಾಗೆ ಹುಟ್ಟಿದ್ನೇನವ್ವ ನಾನು?’

ನನ್ನಲ್ಲಿ ಉತ್ತರವಿರಲಿಲ್ಲ. ವಿಳಾಸ ತಾಳೆಯಾಗುವುದಿಲ್ಲ, ಅಫಿಡವಿಟ್ ಬೇಕು ಎಂದರು ಮೇಲಿನವರು. ಅಜ್ಜಿ ಮೊಮ್ಮಗನ ಜೊತೆ ಬಸ್ಸು ಹತ್ತಿ ತಾಲ್ಲೂಕಿಗೆ ಹೋಗಿ, ಸ್ಟಾಂಪ್ ಪೇಪರಿಗೆ, ಟೈಪಿಗೆ, ನೋಟರಿಗೆ ಕಾಸು ಕೊಟ್ಟು, ‘ಹಟ್ಟಿ ಮತ್ತು ಹತ್ತಿ ಎರಡೂ ಒಂದೇ ಊರು’ ಎಂದು ಪ್ರಮಾಣ ಮಾಡಿ ಬಂದರು. ಅದೂ ಸಾಲದೆ ನಾನು ಬೇವಿನ ಮರದ ಕೆಳಗೆ ಕೂತು ಸ್ಥಳ ಮಹಜರು ಬರೆದೆ. ಐದು ಜನ ಪಂಚರು ಹೆಬ್ಬೆಟ್ಟು ಒತ್ತಿದರು. ತಾವು ಹುಟ್ಟಿ ಬೆಳೆದ ಊರು ಇದೇ ಎಂದು ಆ ಊರಲ್ಲೇ ಕೂತು ಸಾಕ್ಷಿ ಹೇಳುವಾಗ ಅವರ ಮುಖದಲ್ಲಿದ್ದ ಸಂಕೋಚ ನನ್ನ ಕಣ್ಣ ಮುಂದೆಯೇ ಇದೆ. ತಪ್ಪು ಅವರದಲ್ಲ. ತಿದ್ದುವ ಖರ್ಚು, ಅಲೆದಾಟ, ಅವಮಾನ ಮಾತ್ರ ಅವರ ಪಾಲಿಗೆ ಬಂತು.

ಹಟ್ಟಿ ಹತ್ತಿಯಾದದ್ದು ಹೇಗೆ ಎಂಬುದು ಕಚೇರಿಯಲ್ಲಿ ಕೂತವರಿಗೆಲ್ಲ ಗೊತ್ತು, ಯಾರೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕನ್ನಡದ ಹೆಸರನ್ನು ಯಾರೋ ಒಬ್ಬರು ಇಂಗ್ಲಿಷಿನಲ್ಲಿ ಎಚ್, ಎ, ಎರಡು ಟಿ, ಐ ಎಂದು ಹೊಡೆಯುತ್ತಾರೆ. ಇಂಗ್ಲಿಷಿನ ಟಿ ಅಕ್ಷರಕ್ಕೆ ಟಕಾರವೂ ಒಂದೇ, ತಕಾರವೂ ಒಂದೇ. ಮುಂದೆ ಇನ್ನೊಂದು ಇಲಾಖೆ ಆ ಇಂಗ್ಲಿಷ್ ಹೆಸರನ್ನು ತೆಗೆದುಕೊಂಡು ತಂತ್ರಾಂಶದಿಂದ ಮತ್ತೆ ಕನ್ನಡ ಮಾಡಿಸುತ್ತದೆ. ಹೋಗುವಾಗ ‘ಹಟ್ಟಿ’, ಬರುವಾಗ ‘ಹತ್ತಿ’. ಹೀಗೆಯೇ ‘ಹಳ್ಳಿ’ ಎಂಬುದು ‘ಹಲ್ಲಿ’ಯಾಗಿ ಮರಳಿ ಬರುತ್ತದೆ. ನಮ್ಮ ರಾಜ್ಯದಲ್ಲಿ ಹಳ್ಳಿ ಎಂದು ಕೊನೆಯಾಗುವ ಊರುಗಳು ಎಷ್ಟಿವೆ ಎಂದು ತಮಗೆ ನಾನು ಹೇಳಬೇಕಿಲ್ಲ. ಹಿಂದಿಯ ಮೂಲಕ ಬಂದರೆ ಇನ್ನೊಂದು ತೊಡಕು. ಹಿಂದಿಯ ಬರವಣಿಗೆಯಲ್ಲಿ ನಮ್ಮ ಹ್ರಸ್ವ ಎಕಾರ, ಒಕಾರಗಳಿಗೆ ಬೇರೆ ಗುರುತಿಲ್ಲ. ‘ಕೊಪ್ಪ’ ಅಲ್ಲಿ ‘ಕೋಪ್ಪ’ವಾಗುತ್ತದೆ, ಮರಳಿ ಬಂದಾಗಲೂ ಹಾಗೆಯೇ ಬರುತ್ತದೆ.

ಇದು ಬರೀ ಉಚ್ಚಾರಣೆಯ ಮಾತಲ್ಲ ಸ್ವಾಮಿ. ಕೋಲಾರ ಜಿಲ್ಲೆಯಲ್ಲಿ ಮಾಲೂರು ಇದೆ, ಚನ್ನಪಟ್ಟಣದ ಪಕ್ಕದಲ್ಲಿ ಅಪ್ರಮೇಯಸ್ವಾಮಿ ಇರುವ ಮಳೂರು ಇದೆ. ಕನ್ನಡದಲ್ಲಿ ಓದಿದರೆ ಮಗುವಿಗೂ ಎರಡೂ ಬೇರೆ ಎಂದು ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ ಎರಡಕ್ಕೂ ಅದೇ ಐದು ಅಕ್ಷರ. ಹಾಸನದ ಬೇಲೂರು, ಕುಂದಾಪುರ ಕಡೆಯ ಬೇಳೂರು, ನಾಗಮಂಗಲದ ಬೆಳ್ಳೂರು ಇವೆಲ್ಲವೂ ಇಂಗ್ಲಿಷಿಗೆ ಹೋದಕೂಡಲೇ ಒಂದರ ಅಂಗಿ ಒಂದು ತೊಟ್ಟಂತೆ ಕಾಣುತ್ತವೆ. ಕನ್ನಡದ ಲಿಪಿ ಈ ಭೇದಗಳನ್ನು ಸಾವಿರ ವರ್ಷಕ್ಕೂ ಹಿಂದಿನಿಂದ ಕಾಪಾಡಿಕೊಂಡು ಬಂದಿದೆ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ, ಸುಮಾರು ಕ್ರಿ.ಶ. 890ರ ಶಾಸನದಲ್ಲಿ ‘ಬೆಂಗಳೂರ ಕಾಳೆಗ’ದ ಮಾತಿದೆ. ಕಲ್ಲು ಕೆತ್ತಿದವನು ಅಂದು ಕೂರಿಸಿದ ಳಕಾರ ಇಂದಿಗೂ ಹಾಗೇ ಇದೆ. ಬೆಂದಕಾಳಿನ ಕತೆ ಎಷ್ಟೇ ಸೊಗಸಾಗಿರಲಿ, ಅದು ಹೇಳುವ ವೀರಬಲ್ಲಾಳನ ಕಾಲಕ್ಕಿಂತ ಈ ಕಲ್ಲು ಹಳೆಯದು.

ಇಂಗ್ಲಿಷಿನವರು ನಮ್ಮ ನಾಡನ್ನು ಅಳೆಯಲು ಬಂದಾಗ ಕೋನಗಳನ್ನು ಎಷ್ಟು ನಾಜೂಕಾಗಿ ಅಳೆದರೋ ಹೆಸರುಗಳನ್ನು ಅಷ್ಟೇ ಒರಟಾಗಿ ಬರೆದುಕೊಂಡರು. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಹತ್ತಿರ ಸರಪಳಿ ಹಾಕಿ ಆಧಾರರೇಖೆ ಅಳೆದ. ಆ ಲೆಕ್ಕದ ನಿಖರತೆಗೆ ಇವತ್ತಿಗೂ ಭೂಮಾಪಕರು ತಲೆದೂಗುತ್ತಾರೆ. ಅದೇ ಕಾಲದ ನಕ್ಷೆಗಳಲ್ಲಿ ಶ್ರೀರಂಗಪಟ್ಟಣ ‘ಸೆರಿಂಗಪಟಂ’ ಆಯಿತು, ಮಡಿಕೇರಿ ‘ಮರ್ಕೆರಾ’ ಆಯಿತು. ಹಿರೋಡೆಗೆ ಫ್ರೆಂಚ್ ಸಿಪಾಯಿಗಳ ನೆನಪಲ್ಲಿ ‘ಫ್ರೆಂಚ್ ರಾಕ್ಸ್’ ಎಂದು ಹೆಸರಿಟ್ಟರು. ಮುಂದೆ ಅದು ಪಾಂಡವಪುರವಾಯಿತು, ಹಿರೋಡೆ ಎಂಬ ಚೆಂದದ ಹೆಸರು ಊರಿನ ಮೇಲಿಂದ ಜಾರಿಹೋಯಿತು. ಕಿವಿಗೆ ಬಿದ್ದಂತೆ ಬರೆಯುವ ಈ ಗೊಂದಲಕ್ಕೆ ಕೊನೆ ಹಾಡಲು 1870ರ ದಶಕದಲ್ಲಿ ವಿಲಿಯಂ ಹಂಟರ್ ಎಂಬ ಅಧಿಕಾರಿಯ ಪದ್ಧತಿಯನ್ನು ಸರ್ಕಾರ ಒಪ್ಪಿಕೊಂಡಿತು. ನಮ್ಮ ಒಂದೊಂದು ಅಕ್ಷರಕ್ಕೂ ಒಂದು ಗೊತ್ತಾದ ರೋಮನ್ ಅಕ್ಷರ ಎಂಬುದು ಅದರ ತಿರುಳು. ಅದು ಒಳ್ಳೆಯ ಹೆಜ್ಜೆಯೇ. ಆದರೆ ದಿನಬಳಕೆಯಲ್ಲಿ ಚುಕ್ಕೆ, ಗೆರೆಗಳೆಲ್ಲ ಉದುರಿಹೋದವು. ಟಕಾರ ತಕಾರ ಒಂದಾದವು, ಳಕಾರ ಲಕಾರ ಒಂದಾದವು, ದೀರ್ಘ ಹ್ರಸ್ವವಾಯಿತು. ರೂಢಿಯಾಗಿಬಿಟ್ಟ ದೊಡ್ಡ ಊರುಗಳನ್ನಂತೂ ಹಂಟರ್ ಪದ್ಧತಿಯೂ ಮುಟ್ಟಲಿಲ್ಲ. ಬ್ಯಾಂಗಲೋರ್, ಮೈಸೋರ್ ಹಾಗೆಯೇ ಉಳಿದವು.

ಅವುಗಳನ್ನು ಸರಿಪಡಿಸಲು ನಮಗೆ ಎಷ್ಟು ಕಾಲ ಹಿಡಿಯಿತೆಂದು ನೆನಪು ಮಾಡಿಕೊಳ್ಳೋಣ. ಯು.ಆರ್. ಅನಂತಮೂರ್ತಿಯವರ ಸಲಹೆಯನ್ನು ಸರ್ಕಾರ ಒಪ್ಪಿ ಪ್ರಕಟಿಸಿದ್ದು 2005ರ ಡಿಸೆಂಬರ್‌ನಲ್ಲಿ. ಹನ್ನೆರಡು ಊರುಗಳ ಹೊಸ ಕಾಗುಣಿತ ಜಾರಿಗೆ ಬಂದದ್ದು 2014ರ ನವೆಂಬರ್ 1ರಂದು. ಒಂದು ರಾಜ್ಯದ ಹೆಸರು ಬದಲಾಗಬೇಕಾದರೆ ಸಂಸತ್ತೇ ಕಾಯ್ದೆ ಮಾಡಬೇಕು, ಮೈಸೂರು ರಾಜ್ಯ 1973ರಲ್ಲಿ ಕರ್ನಾಟಕವಾದದ್ದು ಹಾಗೆ. ಊರು, ಪಟ್ಟಣಗಳಿಗೆ ಅಷ್ಟು ಬೇಕಿಲ್ಲ. 1953ರ ಮಾರ್ಗಸೂಚಿಯಂತೆ ಕೇಂದ್ರ ಗೃಹ ಸಚಿವಾಲಯ ರೈಲ್ವೆ, ಅಂಚೆ, ಸರ್ವೆ ಆಫ್ ಇಂಡಿಯಾಗಳನ್ನು ಕೇಳಿ, ಆಕ್ಷೇಪವಿಲ್ಲದಿದ್ದರೆ ಒಪ್ಪಿಗೆ ಕೊಡುತ್ತದೆ. ಆಮೇಲೆ ರಾಜ್ಯ ಅಧಿಸೂಚನೆ ಹೊರಡಿಸುತ್ತದೆ. ಆ ಹನ್ನೆರಡರಲ್ಲಿ ಹೆಚ್ಚಿನವು ಕನ್ನಡದಲ್ಲಿ ಎಂದೂ ಬದಲಾಗಿರಲೇ ಇಲ್ಲ. ನಾವು ತುಮಕೂರು, ಶಿವಮೊಗ್ಗ, ಹುಬ್ಬಳ್ಳಿ ಎಂದೇ ಬರೆಯುತ್ತಿದ್ದೆವು. ಇಂಗ್ಲಿಷನ್ನು ಕನ್ನಡದ ದಾರಿಗೆ ತರಲು ಒಂಬತ್ತು ವರ್ಷ ಬೇಕಾಯಿತು. ತಂದಮೇಲೂ ಲೋಕಸಭಾ ಕ್ಷೇತ್ರಗಳ ಪಟ್ಟಿಯಲ್ಲಿ ಗುಲ್ಬರ್ಗಾ, ಬೆಳಗಾಂ, ಬಳ್ಳಾರಿಯ ಹಳೆಯ ಇಂಗ್ಲಿಷ್ ರೂಪಗಳೇ ಮುಂದುವರಿದವು, ಏಕೆಂದರೆ ಆ ಪಟ್ಟಿ 2008ರ ಕ್ಷೇತ್ರ ಮರುವಿಂಗಡಣೆ ಆದೇಶದ್ದು. ಬಿಜಾಪುರ ವಿಜಯಪುರವಾದಾಗ ದೇವನಹಳ್ಳಿ ತಾಲ್ಲೂಕಿನಲ್ಲಿ ಮೊದಲಿನಿಂದಲೂ ಒಂದು ವಿಜಯಪುರ ಇತ್ತು. ಎರಡನ್ನೂ ಬೇರೆ ಬೇರೆ ಗುರುತಿಸಿಡುವ ಕನ್ನಡದ ಒಂದು ಮೂಲಪಟ್ಟಿ ಸಾರ್ವಜನಿಕರ ಕೈಗೆ ಸಿಗುವ ಹಾಗೆ ಎಲ್ಲೂ ಇರಲಿಲ್ಲ.

ಹನ್ನೆರಡು ಊರುಗಳಿಗೆ ಸಂಪಾದಕೀಯಗಳಾದವು, ಸಚಿವ ಸಂಪುಟದ ಸಭೆಗಳಾದವು. 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿರುವ ಗ್ರಾಮಗಳು 29,340. ಅವುಗಳ ಹೆಸರಿಗೆ ಯಾರು ದಿಕ್ಕು?

ಆ 29,340ರಲ್ಲಿ ಜನ ವಾಸವಿದ್ದವು 27,397. ಉಳಿದವು ನಮ್ಮ ಕಂದಾಯದ ಭಾಷೆಯಲ್ಲಿ ಬೇಚರಾಕ್ ಗ್ರಾಮಗಳು. ಪಾರಸಿಯ ಬೇ-ಚಿರಾಗ್, ಅಂದರೆ ದೀಪವಿಲ್ಲದ್ದು. ಪ್ಲೇಗಿಗೋ ಬರಕ್ಕೋ ಎಂದೋ ಬರಿದಾದ ಊರು, ಒಂದು ಒಲೆಯೂ ಉರಿಯದ ಊರು. ಆದರೂ ಅದಕ್ಕೆ ಗ್ರಾಮ ನಕ್ಷೆಯಿದೆ, ಸರ್ವೆ ನಂಬರುಗಳಿವೆ, ಜಮೀನಿನ ವಿಸ್ತೀರ್ಣ, ಕಂದಾಯ ಬರೆದಿಡುವ ಆಕಾರಬಂದ್ ಇದೆ, ಹೆಸರಿದೆ. ನಾನು ಇಂಥ ಎರಡು ಗ್ರಾಮಗಳ ಪಹಣಿ ಬರೆದವಳು. ಪಾಳುಬಿದ್ದ ಒಂದು ಹನುಮಂತರಾಯನ ಗುಡಿ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಅದೇ ಹೊತ್ತಿಗೆ, ಸಂಜೆಯಾದರೆ ಎಂಬತ್ತು ದೀಪ ಹೊತ್ತುತ್ತಿದ್ದ ಆ ಹಟ್ಟಿಗೆ ಕಂದಾಯದ ದಾಖಲೆಯಲ್ಲಿ ತನ್ನದೇ ಆದ ಹೆಸರಿರಲಿಲ್ಲ. ದೀಪವಿಲ್ಲದ ಊರಿಗೆ ಹೆಸರುಂಟು, ದೀಪವಿದ್ದ ಊರಿಗೆ ಹೆಸರಿಲ್ಲ. ಇದನ್ನು ನೆನೆದು ನಾನು ಎಷ್ಟೋ ರಾತ್ರಿ ನಿದ್ದೆಗೆಟ್ಟಿದ್ದೇನೆ.

ದಾಖಲೆಯಿಲ್ಲದ ಜನವಸತಿಗಳನ್ನು ಕಂದಾಯ ಗ್ರಾಮ ಮಾಡುವ ಕೆಲಸ ಈಚಿನ ವರ್ಷಗಳಲ್ಲಿ ಚುರುಕಾಗಿ ನಡೆದಿದೆ. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಈ ಐದು ಜಿಲ್ಲೆಗಳಲ್ಲಿ ಸುಮಾರು 1,475 ವಸತಿಗಳು ಕಂದಾಯ ಗ್ರಾಮಗಳಾದವು. 2023ರ ಜನವರಿಯಲ್ಲಿ ಮಳಖೇಡದಲ್ಲಿ 50 ಸಾವಿರಕ್ಕೂ ಹೆಚ್ಚು ಜನರಿಗೆ, ಬಹುಪಾಲು ತಾಂಡಾಗಳವರಿಗೆ, ಹಕ್ಕುಪತ್ರ ಕೊಟ್ಟರು. ನನ್ನ ಮೂವತ್ತೊಂದು ವರ್ಷದ ಸೇವೆಯಲ್ಲಿ ನಾನು ಬಯಸಿದ್ದು ಇದನ್ನೇ. ಈ ಕೆಲಸದಲ್ಲಿ ಕೈಹಚ್ಚಿದ ಪ್ರತಿ ಸರ್ವೆಯರಿಗೂ ನನ್ನ ಕೈಮುಗಿತ. ಆದರೆ ಒಂದು ವಸತಿ ಗ್ರಾಮವಾಗುವ ದಿನವೇ ಅದರ ಹೆಸರು ಶಾಶ್ವತವಾಗಿ ಕಾಗದಕ್ಕೆ ಇಳಿಯುವ ದಿನ. ಅಂದು ಯಾರು ಆ ಹೆಸರನ್ನು ಹೇಳುತ್ತಾರೆ, ಯಾರು ಕೇಳಿಸಿಕೊಳ್ಳುತ್ತಾರೆ, ಯಾರು ಬರೆಯುತ್ತಾರೆ? ತಾಂಡಾ ತನ್ನ ನಾಯಕನ ಹೆಸರು ಹೊತ್ತಿರುತ್ತದೆ. ಆ ಹೆಸರಿನಲ್ಲಿ ಆ ತಾಂಡಾ ಎಲ್ಲಿಂದ ಬಂದು ಇಲ್ಲಿ ಬೀಡುಬಿಟ್ಟಿತೆಂಬ ನೆನಪಿರುತ್ತದೆ. ಕಚೇರಿಯಲ್ಲಿ ಕೂತವರು ಇನ್ನೂ ಗೌರವವಾಗಿ ಕಾಣಲೆಂದು ಅದಕ್ಕೊಂದು ‘ನಗರ’ವನ್ನೋ ‘ಪುರ’ವನ್ನೋ ಅಂಟಿಸಿಬಿಟ್ಟರೆ ಆ ನೆನಪು ಅಲ್ಲಿಗೆ ಮುಗಿಯುತ್ತದೆ.

ಹಾಗೆಂದು ಇದ್ದ ಹೆಸರೆಲ್ಲ ಇದ್ದಂತೆಯೇ ಇರಲಿ ಎನ್ನುವವಳು ನಾನಲ್ಲ. ಜಾತಿಯ ಹೆಸರು ಹೇಳಿ ಒಂದು ಕೇರಿಯನ್ನು ಊರಾಚೆ ನಿಲ್ಲಿಸಿದ ಹೆಸರುಗಳು ನಮ್ಮ ದಾಖಲೆಗಳಲ್ಲಿ ಬೇಕಾದಷ್ಟಿವೆ. ಅಲ್ಲಿಯ ಮಕ್ಕಳು ಶಾಲೆಯ ಹಾಜರಿ ಪುಸ್ತಕದಲ್ಲಿ ಆ ವಿಳಾಸ ಬರೆಸುವಾಗ ತಲೆ ತಗ್ಗಿಸುವುದನ್ನು ಕಂಡಿದ್ದೇನೆ. ಅವು ಹೋಗಲೇಬೇಕು. ಮಹಾರಾಷ್ಟ್ರ ಸರ್ಕಾರ 2020ರಲ್ಲಿ ಇಂಥ ಹೆಸರುಗಳನ್ನು ತೆಗೆಯಲು ತೀರ್ಮಾನ ಮಾಡಿತು. ಯಾವ ಹೆಸರು ಹೋಗಬೇಕು, ಅದರ ಜಾಗಕ್ಕೆ ಯಾವುದು ಬರಬೇಕು ಎಂಬುದನ್ನು ಅಲ್ಲಿ ಬಾಳುವವರು ಹೇಳಲಿ. ನಾನು ಕೇಳುತ್ತಿರುವುದು ಅಷ್ಟೇ.

ಕಾಸರಗೋಡಿನ ವಿಷಯದಲ್ಲಿ ನಾವು ಇದೇ ಮಾತನ್ನು ಗಟ್ಟಿಯಾಗಿ ಹೇಳಿದ್ದೆವು. 2021ರ ಜೂನ್‌ನಲ್ಲಿ ಮಧೂರು, ಮಲ್ಲ, ಕಾರಡ್ಕ, ನೆಲ್ಲಿಕುಂಜ ಮುಂತಾದ ಕನ್ನಡ, ತುಳು ಹೆಸರುಗಳನ್ನು ಮಲಯಾಳಕ್ಕೆ ತಿರುಗಿಸುತ್ತಾರೆಂದು ಸುದ್ದಿ ಹಬ್ಬಿದಾಗ ಕರ್ನಾಟಕದುದ್ದಕ್ಕೂ ಆತಂಕ ಎದ್ದಿತು. ಅಂಥ ಯೋಚನೆಯೇ ಇಲ್ಲ ಎಂದು ಕೇರಳ ಸರ್ಕಾರ ಹೇಳಿತು. ಅಂದು ನಾವು ಕೇಳಿದ ನ್ಯಾಯವನ್ನು ನಮ್ಮೊಳಗಿನ ತುಳು, ಕೊಡವ, ಕೊಂಕಣಿ, ಬ್ಯಾರಿ, ಲಂಬಾಣಿ, ಉರ್ದು ಹೆಸರುಗಳಿಗೂ ಕೊಡಬೇಕಲ್ಲವೇ? ಮಂಗಳೂರನ್ನು ತುಳುವರು ಕುಡ್ಲ ಎನ್ನುತ್ತಾರೆ, ಕೊಂಕಣಿಗರು ಕೊಡಿಯಾಲ ಎನ್ನುತ್ತಾರೆ, ಬ್ಯಾರಿಗಳು ಮೈಕಾಲ ಎನ್ನುತ್ತಾರೆ. ಅಧಿಕೃತ ಹೆಸರು ಮಂಗಳೂರೇ ಇರಲಿ. ದಾಖಲೆಯ ಒಂದು ಕಾಲಂನಲ್ಲಿ ಉಳಿದ ಮೂರಕ್ಕೂ ಜಾಗವಿದ್ದರೆ ಕನ್ನಡಕ್ಕೆ ಯಾವ ನಷ್ಟವೂ ಇಲ್ಲ.

ಬೇರೆ ನಾಡಿನವರು ಇದನ್ನು ಮಾಡಿ ತೋರಿಸಿದ್ದಾರೆ. ನ್ಯೂಜಿಲೆಂಡಿನಲ್ಲಿ ಹೆಸರುಗಳಿಗೆಂದೇ ಕಾನೂನುಬದ್ಧ ಮಂಡಳಿಯಿದೆ. ಮಾವೊರಿ ಭಾಷೆಯಲ್ಲೂ ನಮ್ಮಲ್ಲಿಯಂತೆ ಹ್ರಸ್ವ ದೀರ್ಘವಾದರೆ ಅರ್ಥವೇ ಬೇರೆ. ಇಂಗ್ಲಿಷಿನವರು ಕೈಬಿಟ್ಟಿದ್ದ ಒಂದೇ ಒಂದು ‘ಎಚ್’ ಅಕ್ಷರಕ್ಕಾಗಿ ವಾಂಗನುಯಿ ಊರಿನ ಮೂಲನಿವಾಸಿಗಳು ವರ್ಷಗಟ್ಟಲೆ ಹೋರಾಡಿದರು. 2015ರಲ್ಲಿ ಆ ಜಿಲ್ಲೆಯ ಹೆಸರಿಗೆ ಅದು ಮರಳಿ ಬಂತು. 2019ರಲ್ಲಿ 800ಕ್ಕೂ ಹೆಚ್ಚು ಹೆಸರುಗಳನ್ನು ದೀರ್ಘದ ಗೆರೆಯ ಸಮೇತ ಅಧಿಕೃತಗೊಳಿಸಿದರು. ಸ್ಥಳೀಯರ ಬಾಯಿಂದಲೇ ಹೆಸರು ಸಂಗ್ರಹಿಸಿ ಎಂದು ವಿಶ್ವಸಂಸ್ಥೆ 1967ರ ಜಿನೀವಾ ಸಮ್ಮೇಳನದಿಂದಲೂ ದೇಶಗಳಿಗೆ ಹೇಳುತ್ತಲೇ ಇದೆ. ನಮಗೆ ಅವರಿಗಿಂತ ಹೆಚ್ಚಿನ ಅನುಕೂಲವಿದೆ. ನಮ್ಮ ಹೆಸರುಗಳನ್ನು ಚ್ಯುತಿಯಿಲ್ಲದೆ ಬರೆಯಬಲ್ಲ ಲಿಪಿ ನಮ್ಮದೇ ಇದೆ, ‘ಭೂಮಿ’ ಯೋಜನೆಯ ದಯೆಯಿಂದ ಸುಮಾರು 2 ಕೋಟಿ ಪಹಣಿಗಳು ಕನ್ನಡದಲ್ಲೇ ಕಂಪ್ಯೂಟರಿನಲ್ಲಿವೆ. ಕೈಬರಹದ ಪಹಣಿಯಿಂದ ಕಂಪ್ಯೂಟರಿಗೆ ಏರಿಸಿದ ಆ ದಿನಗಳಲ್ಲಿ ಹುಡುಗರ ಪಕ್ಕದಲ್ಲಿ ಕೂತು ಒಂದೊಂದೇ ಹೆಸರು ಓದಿ ಹೇಳಿದವಳು ನಾನು. ತಪ್ಪುಗಳು ಆಗಲೂ ಆದವು. ಆದರೂ ಮೂಲ ಕನ್ನಡದಲ್ಲಿದ್ದುದರಿಂದ ತಿದ್ದಲು ದಾರಿಯಿತ್ತು.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆ ಇದು. ರಾಜ್ಯದ ಪ್ರತಿ ಊರು, ಹಟ್ಟಿ, ತಾಂಡಾ, ಹಾಡಿ, ದೊಡ್ಡಿ, ಪಾಳ್ಯಕ್ಕೆ ಕನ್ನಡದಲ್ಲಿ ಒಂದು ಮೂಲ ಹೆಸರಿನ ಪಟ್ಟಿ ಮಾಡಿ, ಯಾರು ಬೇಕಾದರೂ ನೋಡುವಂತೆ ಇಡಿ. ಪ್ರತಿ ಹೆಸರಿನ ಪಕ್ಕ ಅದರ ಸಂಖ್ಯೆ ಇರಲಿ. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಆಡಳಿತ ಡೈರೆಕ್ಟರಿಯಲ್ಲಿ ಗ್ರಾಮಗಳಿಗೆ ಈಗಾಗಲೇ ಸಂಕೇತ ಸಂಖ್ಯೆಗಳಿವೆ, ಸ್ಥಳೀಯ ಭಾಷೆಯ ಹೆಸರಿಗೆ ಒಂದು ಕಾಲಂ ಕೂಡ ಇದೆ. ಆ ಕಾಲಂ ಅನ್ನು ನಾವೇ ತುಂಬಬೇಕು. ಇಂಗ್ಲಿಷ್ ಹೆಸರು ಈ ಕನ್ನಡದಿಂದಲೇ ಒಂದು ಗೊತ್ತಾದ ನಿಯಮದಂತೆ ಹೊರಡಲಿ. ಇಂಗ್ಲಿಷಿನಿಂದ ಕನ್ನಡಕ್ಕೆ ಮರಳಿಸುವ ಪದ್ಧತಿ ಸರ್ಕಾರದ ಯಾವ ತಂತ್ರಾಂಶದಲ್ಲೂ ಇರಬಾರದು ಎಂದು ಒಂದು ಸುತ್ತೋಲೆ ಹೊರಡಿಸಿ. ಬೇರೆ ಇಲಾಖೆಗಳು ಸಂಖ್ಯೆ ಕೊಟ್ಟು ಕನ್ನಡದ ಹೆಸರನ್ನು ಪಟ್ಟಿಯಿಂದಲೇ ತೆಗೆದುಕೊಳ್ಳಲಿ.

ಪಟ್ಟಿಯನ್ನು ಅಖೈರು ಮಾಡುವ ಮೊದಲು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸಿ. ಓದಿದ್ದನ್ನು ಕೇಳಿ ಊರಿನ ಹಿರಿಯರೊಬ್ಬರು ‘ಹಾಗಲ್ಲ, ಹೀಗೆ’ ಎಂದು ಹೇಳಿಯೇ ಹೇಳುತ್ತಾರೆ. ಅವರ ದನಿಯಲ್ಲೇ ಆ ಹೆಸರನ್ನು ಮೊಬೈಲಿನಲ್ಲಿ ಹಿಡಿದಿಡಿ. ಒಂದು ಹೆಸರಿಗೆ ಮೂರು ಸೆಕೆಂಡು ಸಾಕು. ಬದಲಾದ ಹೆಸರನ್ನು ಅಳಿಸಬೇಡಿ, ಯಾವ ವರ್ಷದವರೆಗೆ ಯಾವ ಹೆಸರಿತ್ತು ಎಂದು ಪಕ್ಕದಲ್ಲಿ ಬರೆಯಿರಿ. ಅಜ್ಜನ ಕಾಲದ ಕ್ರಯಪತ್ರ ಹಿಡಿದು ಬರುವ ರೈತ ಅದನ್ನೇ ಹುಡುಕುತ್ತಿರುತ್ತಾನೆ. ಇನ್ನೊಂದು ಮಾತು, ಇದನ್ನು ಬೇರೆಲ್ಲ ಬಿಟ್ಟರೂ ಬಿಡಬೇಡಿ: ಊರಿನ ಹೆಸರು ತಪ್ಪಾಗಿದ್ದರೆ ಅದನ್ನು ಕಚೇರಿಯೇ ತಾನಾಗಿ ತಿದ್ದಬೇಕು. ಒಬ್ಬ ಪ್ರಜೆಯೂ ಅದಕ್ಕಾಗಿ ಸ್ಟಾಂಪ್ ಪೇಪರು ಕೊಳ್ಳುವಂತಾಗಬಾರದು.

ಮುಂದಿನ ಜನಗಣತಿಯ ಎಣಿಕೆಗೆ 2027ರ ಮಾರ್ಚ್ 1 ಆಧಾರ ದಿನ. ಈ ಸಲ ಗಣತಿದಾರರ ಕೈಯಲ್ಲಿ ಮೊಬೈಲ್ ಇರುತ್ತದೆ. ಅದರಲ್ಲಿ ಕಾಣುವ ಊರಿನ ಹೆಸರೇ ಮುಂದಿನ ಅನೇಕ ವರ್ಷ ಎಲ್ಲ ಇಲಾಖೆಗಳಿಗೂ ಹರಿಯುತ್ತದೆ. ಈಗ ಹತ್ತಿಯೆಂದು ಹೋದದ್ದನ್ನು ಆಮೇಲೆ ಹಟ್ಟಿ ಮಾಡಲು ಎಷ್ಟು ಮಹಜರು ಬರೆಯಬೇಕಾದೀತೋ.

ನಿವೃತ್ತಿಯ ದಿನ ಚಾರ್ಜ್ ಕೊಡುವಾಗ ಸರ್ಕಾರದ ಪುಸ್ತಕಗಳನ್ನೆಲ್ಲ ಪಟ್ಟಿ ಮಾಡಿ ಒಪ್ಪಿಸಿದೆ. ನನ್ನದೇ ಒಂದು ಇನ್ನೂರು ಪುಟದ ನೋಟುಪುಸ್ತಕ ಮಾತ್ರ ನನ್ನಲ್ಲೇ ಉಳಿಯಿತು. ನನ್ನ ವೃತ್ತದ ಹಟ್ಟಿಗಳು, ಕೆರೆ ಕಟ್ಟೆಗಳು, ಹಳ್ಳಗಳು, ಗುಡ್ಡಗಳು, ಹೊಲಗಳ ಹೆಸರುಗಳನ್ನು ಅಲ್ಲಿಯ ಜನ ಹೇಳಿದ ಹಾಗೆಯೇ ಅದರಲ್ಲಿ ಬರೆದಿಟ್ಟಿದ್ದೇನೆ. ಹೇಳಿದವರಲ್ಲಿ ಹೆಚ್ಚಿನವರು ಈಗಿಲ್ಲ. ಆ ಅಜ್ಜಿಯೂ ಇಲ್ಲ. ಆ ಭಾಗದ ಗ್ರಾಮಸಭೆ ಎಂದು ಕರೆಯುತ್ತೀರೆಂದು ತಿಳಿಸಿದರೆ ಪುಸ್ತಕ ಹಿಡಿದುಕೊಂಡು ಬರುತ್ತೇನೆ. ಬೆಳಗಿನ ಬಸ್ಸು ಏಳು ಗಂಟೆಗಿದೆ, ಹತ್ತರೊಳಗೆ ತಲುಪಬಹುದು.

ಇಂತಿ ತಮ್ಮ ವಿಶ್ವಾಸಿ,
ಚಿತ್ರದುರ್ಗ ಜಿಲ್ಲೆಯ ಒಬ್ಬ ನಿವೃತ್ತ ಗ್ರಾಮ ಲೆಕ್ಕಾಧಿಕಾರಿ